ಬೇಡ ಎಂದ ಮಾಷ್ಟ್ರು

ಕಾಸರಗೋಡಿನ ಬದಿಯಡ್ಕ ಕಡೆಯ ಅತಿಥಿ ಉಪನ್ಯಾಸಕರು, ವಯಸ್ಸು 37. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ಕನ್ನಡ ಎಂ.ಎ., ಬಿ.ಎಡ್., ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಎಲ್ಲವೂ ಇವೆ. ಒಂಬತ್ತು ವರ್ಷಗಳಿಂದ ಜೂನ್‌ನಲ್ಲಿ ಸಂದರ್ಶನ, ಮಾರ್ಚ್‌ಗೆ ಮನೆ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲವೆಂದು ಹೆಂಡತಿಯೇ ಆಪ್ತಸಲಹೆಗೆ ನನ್ನ ಬಳಿ ಕರೆತಂದಿದ್ದರು.

ಮೊದಲ ಸಲ ಬರೀ ಸಂಬಳದ ಮಾತಾಯಿತು. ಬೇನೆ ಅಲ್ಲೇ ಇದೆ ಎಂದುಕೊಂಡೆ, ತಪ್ಪಿದೆ. ಎರಡನೆಯ ಸಲ ಅವರು ಕಡತ ಬಿಚ್ಚಿದರು. ಕಲ್ಲಿಕೋಟೆಯ ಕಾಲೇಜು ಶಿಕ್ಷಣ ಉಪನಿರ್ದೇಶಕರ ಕಚೇರಿಯಲ್ಲಿ ಅತಿಥಿ ಅಧ್ಯಾಪಕರಾಗಿ ನೋಂದಾಯಿಸಿದ ಕಾಗದ ಮಡಿಕೆಯಲ್ಲೇ ಹರಿದು, ಹಿಂದಿನಿಂದ ಟೇಪು ಹಚ್ಚಿಸಿಕೊಂಡಿತ್ತು. ಈ ಜೂನ್‌ನಲ್ಲಿ ಸಂದರ್ಶನದ ಸಾಲಿನಲ್ಲಿ ಅವರ ಹಿಂದೆ ನಿಂತಿದ್ದವನು ಅವರೇ ಪಾಠ ಹೇಳಿದ ಹುಡುಗ. ಅದೇ ವಾರ ನೆರೆಮನೆಯ ಹುಡುಗಿಯೊಬ್ಬಳು ಬಂದು, ಪ್ಲಸ್ ಟು ಆಯಿತು, ಕನ್ನಡ ಬಿ.ಎ.ಗೆ ಸೇರಲೇ ಎಂದು ಕೇಳಿದಳಂತೆ. "ಬೇಡ, ನನ್ನನ್ನು ನೋಡಿ ಕಲಿ" ಎಂದುಬಿಟ್ಟರು. ಅವಳು ಮಂಗಳೂರಿನಲ್ಲಿ ನರ್ಸಿಂಗ್ ಸೇರಿದಳು.

"ಮಕ್ಕಳಿಲ್ಲದಿದ್ದರೆ ವಿಭಾಗ ಇಲ್ಲ, ವಿಭಾಗ ಇಲ್ಲದಿದ್ದರೆ ನಾನಿಲ್ಲ. ಕೂತ ಕೊಂಬೆಯನ್ನೇ ಕಡಿದೆ ಮೇಡಂ."

ಸಾಹಿತ್ಯ ಮನುಷ್ಯನನ್ನು ತಿದ್ದುತ್ತದೆ ಎಂಬ ಸಮಾಧಾನವನ್ನು ನಾನು ಹೇಳಲಿಲ್ಲ. ಅದನ್ನು ಅವರೇ ಒಂಬತ್ತು ವರ್ಷ ತರಗತಿಯಲ್ಲಿ ಹೇಳಿದವರು. ಬದಲಿಗೆ ಕೇಳಿದೆ: "ಹೈಸ್ಕೂಲ್ ಕನ್ನಡ ಹುದ್ದೆಗೆ ಪಿ.ಎಸ್.ಸಿ. (ಕೇರಳ ಲೋಕಸೇವಾ ಆಯೋಗ) ಕರೆದಾಗ ಅರ್ಜಿ ಹಾಕಿದ್ದೀರಾ ಮಾಷ್ಟ್ರೇ?" ಇಲ್ಲ ಎಂದರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಉಳಿದಿವೆ, ಅವಕ್ಕೆ ಅಧ್ಯಾಪಕರು ಬೇಕು. ಇವರಿಗೆ ಮಾತ್ರ ಕಾಲೇಜಿನಿಂದ ಶಾಲೆಗೆ ಹೋಗುವುದೆಂದರೆ ಮೆಟ್ಟಿಲು ಇಳಿದ ಹಾಗೆ. "ಇದು ಬಡತನಕ್ಕಿಂತ ಬಿಗುಮಾನ" ಎಂದೆ. ಸಲಹೆಗಾರರು ಹಾಗೆ ಹೇಳಬಾರದು. ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಕೊಟ್ಟ ಸಲಹೆ ಇಷ್ಟು. ಮುಂದಿನ ಅಧಿಸೂಚನೆಗೆ ಅರ್ಜಿ ಹಾಕಬೇಕು, ವಯೋಮಿತಿ ಯಾರಿಗೂ ಕಾಯುವುದಿಲ್ಲ. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು. ಇನ್ನು ಮಕ್ಕಳು ಕೇಳಲು ಬಂದರೆ "ಬೇಡ" ಎನ್ನುವ ಬದಲು ಇರುವ ಲೆಕ್ಕವನ್ನೇ ಮುಂದಿಡಬೇಕು: ಕಾಲೇಜಿನಲ್ಲಿ ಕಾಯಂ ಹುದ್ದೆ ಅಪರೂಪ, ಶಾಲೆಯ ದಾರಿಗೆ ಬಿ.ಎಡ್. ಬೇಕು, 2024ರಿಂದ ಕೇರಳದಲ್ಲಿ ಬಂದಿರುವ ನಾಲ್ಕು ವರ್ಷದ ಪದವಿಯಲ್ಲಿ ಬೇರೆ ವಿಷಯವನ್ನು ಮೇಜರ್ (ಮುಖ್ಯ ವಿಷಯ) ಆಗಿ ಓದುವವರೂ ತಮ್ಮ ಕಾಲೇಜಿನಲ್ಲಿ ಕನ್ನಡ ಇದ್ದರೆ ಅದನ್ನು ಮೈನರ್ (ಉಪವಿಷಯ) ಆಗಿ ಇಟ್ಟುಕೊಳ್ಳಬಹುದು. ಆಯ್ಕೆ ಅವರದು. ಕೊನೆಯದಾಗಿ, ಆ ಹುಡುಗಿಗೆ ಒಂದು ಫೋನ್ ಮಾಡಬೇಕು.

ಮೂರನೆಯ ಸಲ ಒಬ್ಬರೇ ಬಂದರು. ಫೋನ್ ಮಾಡಿದ್ದರು. "ಅಯ್ಯೋ ಸರ್, ನಿಮ್ಮಲ್ಲಿಗೆ ಬರುವ ಮೊದಲೇ ಅಪ್ಪ ಮಂಗಳೂರಿನಲ್ಲಿ ಫೀಸು ಕಟ್ಟಿಯಾಗಿತ್ತು. ನೀವಾದರೂ 'ಸೇರು' ಎನ್ನುತ್ತೀರೋ ಎಂದು ಸುಮ್ಮನೆ ಕೇಳಿದ್ದು" ಎಂದಳಂತೆ.

ಸ್ವಲ್ಪ ಹೊತ್ತು ಸುಮ್ಮನಿದ್ದರು. ನಕ್ಕರು ಕೂಡ. ಆಮೇಲೆ ಜೇಬಿನಿಂದ ಮೊಬೈಲ್ ತೆಗೆದು, ಪಿ.ಎಸ್.ಸಿ. ಪ್ರೊಫೈಲಿನ ಫೋಟೋ ಹಳೆಯದಾಗಿದೆ, ಬದಲಿಸುವುದು ಹೇಗೆಂದು ಕೇಳಿದರು.