ಹದಿಮೂರನೇ ಸಂಚಿಕೆಗೆ ಯಾಕೆ ಸುಸ್ತಾಗುತ್ತದೆ? ಕೊರಿಯನ್ ಧಾರಾವಾಹಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಕೊರಿಯಾದವರು ಹದಿನಾರು ಸಂಚಿಕೆಗೆ ಕಥೆ ಮುಗಿಸಿ ಎದ್ದು ಹೋಗುತ್ತಾರೆ. ನಮ್ಮ ಧಾರಾವಾಹಿಗಳು ಸಾವಿರ ದಾಟಿದರೂ ಮುಗಿಯುವುದಿಲ್ಲ. ಆ ಶಿಸ್ತು ನಮ್ಮವರಿಗೆ ಯಾಕಿಲ್ಲ?
– ಓದುಗರೊಬ್ಬರು, ದಾವಣಗೆರೆ

ನೀವು ಪಕ್ಕಪಕ್ಕ ಇಟ್ಟಿರುವ ಎರಡು ವಸ್ತುಗಳ ಜಾತಿಯೇ ಬೇರೆ. ನಿಮ್ಮ ಮೊಬೈಲಿಗೆ ಬರುತ್ತಿರುವುದು ಅಲ್ಲಿನ ‘ಮಿನಿ ಸೀರೀಸ್’. ವಾರಕ್ಕೆ ಎರಡು ರಾತ್ರಿ, ಸೋಮ–ಮಂಗಳವೋ ಶನಿ–ಭಾನುವೋ, ಒಂದೊಂದು ಗಂಟೆಗೂ ಮೇಲೆ. ಎಂಟು ವಾರಕ್ಕೆ ಹದಿನಾರು. ಇದರ ಜೊತೆಗೆ ಅಲ್ಲೂ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಅರ್ಧ ಗಂಟೆ ಬರುವ ಧಾರಾವಾಹಿಗಳಿವೆ, ನೂರು ಸಂಚಿಕೆ ದಾಟುತ್ತವೆ. ಕೆಬಿಎಸ್ 2 ಚಾನೆಲ್ಲಿನ ವಾರಾಂತ್ಯದ ಕುಟುಂಬದ ಕಥೆಗಳು ಸುಮಾರು ಐವತ್ತು ಸಂಚಿಕೆ ನಡೆಯುತ್ತವೆ. ಆಸ್ಪತ್ರೆಯಲ್ಲಿ ಅದಲುಬದಲಾದ ಮಗು, ನೆನಪು ಕಳಕೊಂಡ ಗಂಡ, ಕೆನ್ನೆಗೆ ಬಾರಿಸುವ ಅತ್ತೆ ಎಲ್ಲ ಅಲ್ಲಿದ್ದಾರೆ. ಇಂಥ ಅತಿರೇಕದ ಕಥೆಗೆ ಕೊರಿಯಾದವರು ‘ಮಕ್‌ಜಾಂಗ್’ ಎನ್ನುತ್ತಾರೆ. 2020ರಲ್ಲಿ ಶುರುವಾದ ಎಸ್‌ಬಿಎಸ್ ಚಾನೆಲ್ಲಿನ ‘ದಿ ಪೆಂಟ್‌ಹೌಸ್’ ಒಂದೆರಡು ಸಂಚಿಕೆ ನೋಡಿ, ಗೊತ್ತಾಗುತ್ತದೆ.

ದಿನದ ಧಾರಾವಾಹಿಯನ್ನು ದಿನದ ಧಾರಾವಾಹಿಯ ಜೊತೆಗೇ ತೂಗಬೇಕು. ಹಾಗೆ ತೂಗಿದರೂ ಅವರು ಗೆಲ್ಲುವ ಒಂದು ಅಂಶ ಇದೆ: ಎಷ್ಟು ಸಂಚಿಕೆ ಎಂಬುದು ಮೊದಲೇ ನಿಗದಿ. ಎಷ್ಟೇ ಜನಪ್ರಿಯವಾದರೂ ಕೆಲವು ಸಂಚಿಕೆ ಹೆಚ್ಚಾಗಬಹುದು, ಅಷ್ಟೆ. ಮುಂದಿನ ಧಾರಾವಾಹಿ ಆ ಸಮಯಕ್ಕಾಗಿ ಸಾಲಿನಲ್ಲಿ ನಿಂತಿರುತ್ತದೆ.

ಪ್ರಶ್ನೆ: ಹತ್ತು, ಹನ್ನೊಂದನೇ ಸಂಚಿಕೆಯವರೆಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಹದಿಮೂರು, ಹದಿನಾಲ್ಕಕ್ಕೆ ಬಂದಾಗ ಮುಂದೆ ಓಡಿಸಿ ನೋಡುತ್ತೇನೆ. ನನಗೆ ಮಾತ್ರ ಹೀಗಾ?
– ಓದುಗರೊಬ್ಬರು, ಶಿವಮೊಗ್ಗ

ನಿಮಗೆ ಮಾತ್ರ ಅಲ್ಲ, ಮತ್ತು ತಪ್ಪು ನಿಮ್ಮದೂ ಅಲ್ಲ. ಇದಕ್ಕೆ ಒಂದು ಹಳೆಯ ಕಾರಣ, ಒಂದು ಈಗಿನ ಕಾರಣ.

ಹಳೆಯದು ಚಿತ್ರೀಕರಣದ ಪದ್ಧತಿ. 70 ನಿಮಿಷದ ಎರಡು ಸಂಚಿಕೆ ಅಂದರೆ ವಾರಕ್ಕೆ 140 ನಿಮಿಷ, ಒಂದು ಪೂರ್ತಿ ಸಿನಿಮಾದಷ್ಟು. ಬರೆಯುವವರು ಬಹುಪಾಲು ಒಬ್ಬರೇ. ಪ್ರಸಾರ ಶುರುವಾಗುವ ಹೊತ್ತಿಗೆ ಕೈಯಲ್ಲಿ ಕೆಲವೇ ಸಂಚಿಕೆ ಸಿದ್ಧವಿರುತ್ತಿದ್ದವು, ಉಳಿದದ್ದನ್ನು ಪ್ರಸಾರದ ಜೊತೆಜೊತೆಗೇ ಬರೆದು ಚಿತ್ರಿಸುತ್ತಿದ್ದರು. ಕೊನೆಕೊನೆಗೆ ಆ ದಿನದ ದೃಶ್ಯದ ಹಾಳೆ ಅದೇ ದಿನ ನಟರ ಕೈಗೆ ಬರುತ್ತಿತ್ತು. ಇದರ ಫಲ ಪರದೆಯ ಮೇಲೆ ಎದ್ದು ಕಂಡ ಉದಾಹರಣೆಗಳಿವೆ. 2011ರ ಮಾರ್ಚಿನಲ್ಲಿ ಎಸ್‌ಬಿಎಸ್‌ನ ‘ಸೈನ್’ ಧಾರಾವಾಹಿಯ ಕೊನೆಯ ಸಂಚಿಕೆಯಲ್ಲಿ ಧ್ವನಿ ಹೋಯಿತು, ನಡುವೆ ಬಣ್ಣದ ಪಟ್ಟಿಗಳು ಕಾಣಿಸಿಕೊಂಡವು. 2017ರ ಡಿಸೆಂಬರಿನಲ್ಲಿ ಕೇಬಲ್ ಚಾನೆಲ್ ಟಿವಿಎನ್‌ನ ‘ಎ ಕೊರಿಯನ್ ಒಡಿಸ್ಸಿ’ ಎರಡನೇ ಸಂಚಿಕೆಗೇ ಗ್ರಾಫಿಕ್ಸ್ ಮುಗಿಯದೆ, ನಟರನ್ನು ತೂಗುಹಾಕಿದ ತಂತಿ ಕಾಣುವಂತೆಯೇ ಪ್ರಸಾರವಾಗಿ, ನಡುವೆಯೇ ನಿಂತುಹೋಯಿತು. ಅದೇ ಧಾರಾವಾಹಿಯ ಸೆಟ್ಟಿನಲ್ಲಿ ಕೆಲಸಗಾರರೊಬ್ಬರು ಮೇಲಿನಿಂದ ಬಿದ್ದು ಗಂಭೀರವಾಗಿ ಗಾಯಗೊಂಡರು. ನೋಡುಗರಿಗೆ ಸಿಗುತ್ತಿದ್ದ ಸಂತೋಷಕ್ಕೆ ಯಾರು ಬೆಲೆ ತೆರುತ್ತಿದ್ದರು ಎಂಬುದು ಆಗ ಎಲ್ಲರಿಗೂ ಕಂಡಿತು.

2018ರಲ್ಲಿ ವಾರಕ್ಕೆ 52 ಗಂಟೆ ಕೆಲಸದ ಮಿತಿ ಕಾನೂನಾಯಿತು. ಪ್ರಸಾರ ಕ್ಷೇತ್ರದ ದೊಡ್ಡ ಸಂಸ್ಥೆಗಳಿಗೆ ಮರುವರ್ಷ ಅನ್ವಯವಾಯಿತು. 2020ರ ‘ಹಾಸ್ಪಿಟಲ್ ಪ್ಲೇಲಿಸ್ಟ್’ ವಾರಕ್ಕೆ ಒಂದೇ ಸಂಚಿಕೆಯಂತೆ ಗುರುವಾರಗಳಂದು ಬಂತು, ಒಟ್ಟು 12. ಈಗ ಬಹಳಷ್ಟು ಧಾರಾವಾಹಿಗಳ ಚಿತ್ರೀಕರಣ ಪ್ರಸಾರಕ್ಕೆ ಮುಂಚೆಯೇ ಬಹುತೇಕ ಮುಗಿದಿರುತ್ತದೆ.

ಆದರೂ ಹದಿಮೂರನೇ ಸಂಚಿಕೆ ಸುಸ್ತಾಗುವುದು ತಪ್ಪಿಲ್ಲ. ಈಗಿನ ಕಾರಣ ಕಥೆಯ ಅಳತೆ. ಪ್ರೇಮಕಥೆಯಲ್ಲಿ ನಾಯಕ–ನಾಯಕಿಯ ನಡುವಿನ ಅಸಲಿ ಅಡ್ಡಿ ಹನ್ನೆರಡರ ಹೊತ್ತಿಗೆ ಸರಿದಿರುತ್ತದೆ. ಉಳಿದ ನಾಲ್ಕೂವರೆ ಗಂಟೆ ತುಂಬಬೇಕಲ್ಲ! ಆಗ ಇಬ್ಬರೂ ಚಿಕ್ಕಂದಿನಲ್ಲೇ ಭೇಟಿಯಾಗಿದ್ದರು ಎಂಬ ಗುಟ್ಟು ಹೊರಬರುತ್ತದೆ, ‘ನಿನ್ನ ಒಳ್ಳೆಯದಕ್ಕೇ’ ಎಂದು ಒಬ್ಬರು ದೂರವಾಗುತ್ತಾರೆ, ಕೊನೆಯ ಸಂಚಿಕೆಯಲ್ಲಿ ‘ಒಂದು ವರ್ಷದ ನಂತರ’ ಎಂಬ ಅಕ್ಷರ ಮೂಡುತ್ತದೆ. ಹನ್ನೆರಡಕ್ಕೇ ಮುಗಿಸಬಹುದಾದ ಕಥೆಯನ್ನು ಹದಿನಾರಕ್ಕೆ ಹಿಗ್ಗಿಸುವುದು ಈ ಪ್ರಕಾರದ ದೊಡ್ಡ ದೋಷ ಎಂದೇ ನಮ್ಮ ಅಭಿಪ್ರಾಯ.

ಮೊದಲೇ ಗುರುತಿಸಲು ಒಂದು ಪರೀಕ್ಷೆ ಇದೆ. ಹತ್ತನೇ ಸಂಚಿಕೆ ಮುಗಿದಾಗ, ಇನ್ನೂ ಉತ್ತರ ಸಿಗದ ಪ್ರಶ್ನೆಗಳು ಯಾವುವು ಎಂದು ಎಣಿಸಿ. ‘ಇವರಿಬ್ಬರು ಯಾವಾಗ ಒಂದಾಗುತ್ತಾರೆ’ ಎಂಬ ಒಂದೇ ಪ್ರಶ್ನೆ ಉಳಿದಿದ್ದರೆ ಸುಸ್ತು ಖಚಿತ. ಪ್ರೇಮದ ಹೊರಗೂ ಒಂದು ಗಡುವು ಓಡುತ್ತಿದ್ದರೆ ಕಥೆ ನಿಲ್ಲುತ್ತದೆ. 2019ರ ‘ವೆನ್ ದ ಕ್ಯಾಮೆಲಿಯಾ ಬ್ಲೂಮ್ಸ್’ ಕೊನೆಯವರೆಗೂ ಬಿಗಿಯಾಗಿರುವುದು ಆ ಪುಟ್ಟ ಊರಿನ ಕೊಲೆಗಾರ ಯಾರು ಎಂಬುದು ಕಾಡುತ್ತಲೇ ಇರುವುದರಿಂದ.

ಪ್ರಶ್ನೆ: ಅದೇ ‘ಕ್ಯಾಮೆಲಿಯಾ’ ಒಂದು ಕಡೆ 20 ಸಂಚಿಕೆ ಎಂದು ತೋರಿಸುತ್ತದೆ, ಇನ್ನೊಂದು ಕಡೆ 40. ಯಾವುದು ಪೂರ್ತಿ?
– ಓದುಗರೊಬ್ಬರು, ಮೈಸೂರು

ಎರಡೂ ಪೂರ್ತಿ. ಕೆಬಿಎಸ್, ಎಂಬಿಸಿ, ಎಸ್‌ಬಿಎಸ್ ಈ ಮೂರು ಹಳೆಯ ಚಾನೆಲ್‌ಗಳಿಗೆ ಕಾರ್ಯಕ್ರಮದ ನಡುವೆ ಜಾಹೀರಾತು ಹಾಕುವ ಅನುಮತಿ 2021ರ ಜುಲೈವರೆಗೆ ಇರಲಿಲ್ಲ. ಟಿವಿಎನ್, ಜೆಟಿಬಿಸಿಯಂಥ ಕೇಬಲ್ ಚಾನೆಲ್‌ಗಳಿಗೆ ಇತ್ತು. ಹಾಗಾಗಿ 2017ರ ಸುಮಾರಿನಿಂದ ಹಳೆಯ ಚಾನೆಲ್‌ಗಳು ಒಂದು ಸಂಚಿಕೆಯನ್ನು ಅರ್ಧರ್ಧ ಗಂಟೆಯ ಎರಡು ಸಂಚಿಕೆ ಎಂದು ಕರೆದು ನಡುವೆ ಜಾಹೀರಾತು ತೂರಿಸಿದವು. 2017–21ರ ನಡುವಿನ ಧಾರಾವಾಹಿಗೆ 32 ಅಥವಾ 40 ಎಂದು ಕಂಡರೆ ಒಂದರ ಅವಧಿ ನೋಡಿ. 30–35 ನಿಮಿಷವಿದ್ದರೆ ಎರಡರಿಂದ ಭಾಗಿಸಿ.

ಪ್ರಶ್ನೆ: ‘ಮೈ ಮಿಸ್ಟರ್’ ಚೆನ್ನಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ. ನಲವತ್ತೈದರ ಗಂಡಸು, ಇಪ್ಪತ್ತೊಂದರ ಹುಡುಗಿ. ನನಗೆ ಇರಿಸುಮುರಿಸಾಗಿ ಎರಡನೇ ಸಂಚಿಕೆಗೆ ಬಿಟ್ಟೆ. ಹೊಗಳುವಂಥದ್ದು ಏನಿದೆ?
– ಓದುಗರೊಬ್ಬರು, ಧಾರವಾಡ

ನಿಮ್ಮ ಇರಿಸುಮುರಿಸು ಅಸಹಜವಲ್ಲ. 2018ರಲ್ಲಿ ಟಿವಿಎನ್‌ನಲ್ಲಿ ಶುರುವಾದಾಗ ಕೊರಿಯಾದಲ್ಲೂ ಇದೇ ಆಕ್ಷೇಪ ಬಂದಿತ್ತು. ಮೊದಲ ಸಂಚಿಕೆಯಲ್ಲಿ ಸಾಲ ವಸೂಲಿಗೆ ಬರುವವನು ಹುಡುಗಿಯನ್ನು ಹೊಡೆಯುವ ದೃಶ್ಯಕ್ಕಂತೂ ತೀವ್ರ ವಿರೋಧವಿತ್ತು. ಆದರೆ ಅದು ಪ್ರೇಮಕಥೆ ಎಂಬ ನಿರೀಕ್ಷೆಯಲ್ಲೇ ತೊಡಕಿದೆ.

ಶುರುವಿನ ದೃಶ್ಯ ಮತ್ತೊಮ್ಮೆ ನೋಡಿ. ಆಫೀಸಿನೊಳಗೆ ಒಂದು ಹುಳ ಬರುತ್ತದೆ. ಎಲ್ಲರೂ ಗಾಬರಿ. ಇಂಜಿನಿಯರ್ ದೊಂಗ್-ಹೂನ್ ಅದಕ್ಕೆ ನೋವಾಗದಂತೆ ಹಿಡಿಯಲು ನೋಡುತ್ತಾನೆ. ತಾತ್ಕಾಲಿಕ ಕೆಲಸದ ಹುಡುಗಿ ಜಿ-ಆನ್ ತನ್ನ ಮೇಲೆ ಕೂತ ಹುಳವನ್ನು ಪಟ್ಟನೆ ಹೊಡೆದು ಸಾಯಿಸುತ್ತಾಳೆ. ಮುಂದಿನ ಹದಿನಾರು ಸಂಚಿಕೆಯ ಇಬ್ಬರೂ ಅಷ್ಟರಲ್ಲೇ ಇದ್ದಾರೆ. ರಾತ್ರಿ ಅವಳು ಪಾತ್ರೆ ತೊಳೆಯುವ ಹೋಟೆಲಿನಲ್ಲಿ ಮಿಕ್ಕ ಊಟ ಕಟ್ಟಿಕೊಂಡು ಬಂದು, ಆಫೀಸಿನಿಂದ ಕದ್ದ ಕಾಫಿ ಪುಡಿಯ ಎರಡು ಪೊಟ್ಟಣ ಬಿಸಿನೀರಿಗೆ ಸುರಿದು ಕುಡಿಯುತ್ತಾಳೆ. ಬಡತನದ ಬಗ್ಗೆ ಅವಳ ಬಾಯಲ್ಲಿ ಒಂದು ಮಾತೂ ಇಲ್ಲ.

ಇನ್ನೂ ಮುಂದೆ ಮಾತು ಬಾರದ, ನಡೆಯಲಾಗದ ಅಜ್ಜಿಗೆ ಚಂದ್ರನನ್ನು ತೋರಿಸಲು ಅಂಗಡಿಯ ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಾಳೆ. ಅದನ್ನು ಕಂಡ ದೊಂಗ್-ಹೂನ್ ಅಜ್ಜಿಯನ್ನು ಮನೆ ಸೇರಿಸಲು ಹೆಗಲು ಕೊಟ್ಟು, ನೀನು ಒಳ್ಳೆಯವಳು ಎಂದಷ್ಟೇ ಹೇಳುತ್ತಾನೆ. ಆ ಮಾತನ್ನು ಅವಳಿಗೆ ಅದುವರೆಗೆ ಯಾರೂ ಹೇಳಿಲ್ಲ ಎಂಬುದು ಅವಳ ಮುಖದಲ್ಲಿ ಗೊತ್ತಾಗುತ್ತದೆ. ಬರೆದವರು ಪಾರ್ಕ್ ಹೇ-ಯಂಗ್, ನಿರ್ದೇಶನ ಕಿಮ್ ವನ್-ಸಕ್. ನಾಲ್ಕನೇ ಸಂಚಿಕೆಯ ಕೊನೆಯವರೆಗೆ ನೋಡಿ ತೀರ್ಮಾನಿಸಿ. ಅಲ್ಲಿಗೂ ಹಿಡಿಸದಿದ್ದರೆ ಬಿಡಿ, ಬೇರೆಯವರ ಹೊಗಳಿಕೆಗಾಗಿ ಧಾರಾವಾಹಿ ನೋಡಬೇಕಿಲ್ಲ.

ಇಷ್ಟವಾದರೆ ಮುಂದಿನದನ್ನು ನಟರ ಹೆಸರಿನಿಂದ ಹುಡುಕಬೇಡಿ, ಬರೆದವರ ಹೆಸರಿನಿಂದ ಹುಡುಕಿ. ನಟರು ಒಳ್ಳೆಯದಕ್ಕೂ ಸಪ್ಪೆಯದಕ್ಕೂ ಒಪ್ಪಿಕೊಳ್ಳುತ್ತಾರೆ. ಪಾರ್ಕ್ ಹೇ-ಯಂಗ್ ಅವರದ್ದೇ 2022ರ ‘ಮೈ ಲಿಬರೇಷನ್ ನೋಟ್ಸ್’ ಇದೆ. ಮನೆಮಂದಿ, ಮುಪ್ಪು, ಹಳೆಯ ಜಗಳದ ಕಥೆ ಬೇಕಿದ್ದರೆ ನೋ ಹೀ-ಕ್ಯಂಗ್. ‘ಕ್ಯಾಮೆಲಿಯಾ’ ಮೆಚ್ಚಿದವರು ಅದೇ ಲೇಖಕಿ ಇಮ್ ಸಾಂಗ್-ಚೂನ್ ಬರೆದ, 2025ರ ಮಾರ್ಚಿನಲ್ಲಿ ಬಂದ ಜೇಜು ದ್ವೀಪದ ಕಥೆ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’ ನೋಡಲೇಬೇಕು.

ಪ್ರಶ್ನೆ: ಅಮ್ಮನಿಗೂ ನೋಡುವ ಆಸೆ. ಇಂಗ್ಲಿಷ್ ಓದುತ್ತಾರೆ, ಆದರೆ ಸಬ್‌ಟೈಟಲ್ ಓಡಿಹೋಗುತ್ತದೆ ಎನ್ನುತ್ತಾರೆ. ಯಾವುದರಿಂದ ಶುರು ಮಾಡಿಸಲಿ?
– ಓದುಗರೊಬ್ಬರು, ಹಾಸನ

ಮೊದಲು ಓದುವ ತೊಂದರೆ ನೀಗಿಸಿ. ನೆಟ್‌ಫ್ಲಿಕ್ಸ್‌ನಲ್ಲಿ ವೇಗದ ಆಯ್ಕೆ ಇದೆ, ಅದನ್ನು 0.75ಕ್ಕೆ ಇಳಿಸಿ. ಕೊರಿಯನ್ ಮಾತು ಸ್ವಲ್ಪ ಎಳೆದಂತೆ ಕೇಳಿಸಿದರೂ ಒಂದು ಸಂಚಿಕೆಯಲ್ಲಿ ಕಿವಿ ಒಗ್ಗುತ್ತದೆ. ಖಾತೆಯ ಸೆಟ್ಟಿಂಗಿಗೆ ಹೋಗಿ ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡಿ, ಹಿಂದೆ ಕಪ್ಪು ಹಿನ್ನೆಲೆ ಹಾಕಿ. ಸಬ್‌ಟೈಟಲ್ ಪಟ್ಟಿಯಲ್ಲಿ ‘ಸಿಸಿ’ ಎಂದು ಬರೆದಿರುವುದು ಬೇಡ. ಬಾಗಿಲ ಸದ್ದು, ಸಂಗೀತದ ವಿವರವೆಲ್ಲ ಅದರಲ್ಲಿ ಸೇರಿ ಓದುವುದು ಹೆಚ್ಚಾಗುತ್ತದೆ. ಧ್ವನಿ ಹಿಂದಿಯದೋ ಇಂಗ್ಲಿಷಿನದೋ ಇಟ್ಟು ಅಕ್ಷರ ಓದಿದರೆ ಎರಡೂ ತಾಳೆಯಾಗುವುದಿಲ್ಲ. ಡಬ್ಬಿಂಗಿನ ಮಾತನ್ನು ತುಟಿಯ ಚಲನೆಗೆ ಹೊಂದಿಸಿ ಬರೆದಿರುತ್ತಾರೆ. ಧ್ವನಿ ಕೊರಿಯನ್ನೇ ಇರಲಿ.

ಶುರುವಿಗೆ 2022ರ ‘ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ’ ಒಳ್ಳೆಯದು. ಹೆಚ್ಚಾಗಿ ಒಂದು ಸಂಚಿಕೆಗೆ ಒಂದು ಮೊಕದ್ದಮೆ, ಹಿಂದಿನದು ಮರೆತರೂ ನಡೆಯುತ್ತದೆ. ಒಗ್ಗಿದ ಮೇಲೆ ‘ರಿಪ್ಲೈ 1988’. ಸೋಲ್ ನಗರದ ಸಾಂಗ್‌ಮುನ್-ದೊಂಗ್ ಎಂಬ ಬಡಾವಣೆಯ ಒಂದೇ ಓಣಿಯ ಐದು ಮನೆಗಳ ಕಥೆ. ಮೊದಲ ಸಂಚಿಕೆಯಲ್ಲಿ ಊಟದ ಹೊತ್ತಿಗೆ ತಾಯಂದಿರು ಮಕ್ಕಳ ಕೈಲಿ ಪಕ್ಕದ ಮನೆಗೆ ಪಲ್ಯ ಕೊಟ್ಟು ಕಳಿಸುತ್ತಾರೆ. ಹೋದ ಬಟ್ಟಲು ಖಾಲಿ ಬರುವುದಿಲ್ಲ. ಯಾರದೋ ಸಾಲಕ್ಕೆ ಜಾಮೀನು ನಿಂತು ನೆಲಮಾಳಿಗೆಯ ಮನೆಗೆ ಬಂದಿಳಿದ ಬ್ಯಾಂಕ್ ನೌಕರ ಅಪ್ಪನನ್ನು ನಿಮ್ಮ ತಾಯಿಗೆ ಪರಿಚಯಿಸಬೇಕಾಗಿಲ್ಲ. ಒಂದು ಎಚ್ಚರಿಕೆ: 20 ಸಂಚಿಕೆಗಳು, ಒಂದೊಂದೂ ಸುಮಾರು ಒಂದೂವರೆ ಗಂಟೆ. ಒಂದನ್ನು ಎರಡು ದಿನಕ್ಕೆ ಹಂಚಿ.

ಪ್ರಶ್ನೆ: ಯಾವ ಕಥೆಯಾದರೂ ಪಾತ್ರಗಳು ಅದೇ ಸ್ಯಾಂಡ್‌ವಿಚ್ ಅಂಗಡಿಗೆ ಹೋಗುತ್ತವೆ, ಅದೇ ಕಾಫಿ ಚಾಕೊಲೇಟು ಚೀಪುತ್ತವೆ. ಇದು ಜಾಹೀರಾತೇ?
– ಓದುಗರೊಬ್ಬರು, ಮಂಗಳೂರು

ಹೌದು, ಕಾನೂನುಬದ್ಧ ಜಾಹೀರಾತು. ಅಲ್ಲಿ ಇದಕ್ಕೆ ‘ಪಿಪಿಎಲ್’ (ಪ್ರಾಡಕ್ಟ್ ಪ್ಲೇಸ್‌ಮೆಂಟ್) ಎನ್ನುತ್ತಾರೆ. 2010ರಿಂದ ಅನುಮತಿ ಇದೆ. ಹಳೆಯ ಚಾನೆಲ್‌ಗಳಲ್ಲಿ ಕಾರ್ಯಕ್ರಮದ ಅವಧಿಯ ಶೇ 5ರೊಳಗೆ ಇರಬೇಕು, ಅಂದರೆ 70 ನಿಮಿಷಕ್ಕೆ ಮೂರೂವರೆ ನಿಮಿಷ. ವಸ್ತುವಿನ ಗುರುತು ಪರದೆಯ ಕಾಲು ಭಾಗ ಮೀರುವಂತಿಲ್ಲ. ನಿರ್ಮಾಣ ವೆಚ್ಚದ ಒಂದು ಪಾಲು ಇದರಿಂದಲೇ ಬರುವ ಕಾರಣ ಇದು ಹೋಗುವುದಿಲ್ಲ. ಆದರೆ ಕಥೆಗೆ ಒಗ್ಗದಿದ್ದರೆ ಅಲ್ಲಿನ ಜನ ಸುಮ್ಮನಿರುವುದಿಲ್ಲ. 2021ರ ‘ವಿನ್ಸೆಂಜೊ’ದಲ್ಲಿ ನಾಯಕ ಚೀನಾ ಕಂಪನಿಯ ದಿಢೀರ್ ಬಿಬಿಂಬಾಪ್ (ತರಕಾರಿ ಕಲಸಿದ ಕೊರಿಯಾದ ಅನ್ನ) ತಿಂದದ್ದಕ್ಕೆ ಎಷ್ಟು ಆಕ್ರೋಶ ಬಂತೆಂದರೆ, ಆ ದೃಶ್ಯವನ್ನು ಆಮೇಲೆ ತೆಗೆದೇಬಿಟ್ಟರು.

ಪ್ರಶ್ನೆ: ರಾಜಮನೆತನದ ಧಾರಾವಾಹಿಗಳಲ್ಲಿ ಇರುವುದು ನಿಜವಾದ ಇತಿಹಾಸವೇ?
– ಓದುಗರೊಬ್ಬರು, ಕಲಬುರಗಿ

ಎಳೆ ನಿಜ, ನೇಯ್ಗೆ ಕಲ್ಪನೆ. 2003–04ರಲ್ಲಿ ಎಂಬಿಸಿಯಲ್ಲಿ ಬಂದ, 54 ಸಂಚಿಕೆಯ ‘ಜ್ಯುವೆಲ್ ಇನ್ ದ ಪ್ಯಾಲೇಸ್’ ತೆಗೆದುಕೊಳ್ಳಿ. ಜಾಂಗ್-ಗೂಮ್ ಎಂಬ ವೈದ್ಯೆಯ ಹೆಸರು ದೊರೆ ಜುಂಗ್‌ಜೊಂಗ್ (1506–1544) ಕಾಲದ ಅರಮನೆ ದಾಖಲೆಗಳಲ್ಲಿ ಅಲ್ಲಲ್ಲಿ ಬರುತ್ತದೆ, ಅಷ್ಟೇ. ಅಡುಗೆಮನೆಯ ಪೈಪೋಟಿ, ಪ್ರೇಮ, ಗಡಿಪಾರು ಎಲ್ಲ ಬರೆದವರದ್ದು. ಇಂಥ ಸ್ವಾತಂತ್ರ್ಯವನ್ನು ಕೊರಿಯಾದ ನೋಡುಗರು ಒಪ್ಪುತ್ತಾರೆ. ಆದರೆ ನಿಜವಾದ ರಾಜನ ಹೆಸರಿಟ್ಟು ಕೆಡಿಸಿದರೆ ಬಿಡುವುದಿಲ್ಲ. 2021ರ ಮಾರ್ಚಿನಲ್ಲಿ ಎಸ್‌ಬಿಎಸ್ ಶುರು ಮಾಡಿದ ‘ಜೊಸನ್ ಎಕ್ಸಾರ್ಸಿಸ್ಟ್’ನಲ್ಲಿ ದೊರೆ ತೇಜೊಂಗ್ ಪ್ರಜೆಗಳನ್ನು ಕೊಲ್ಲುವಂತೆ ತೋರಿಸಿದ್ದರು, ಜೊಸನ್ ರಾಜವಂಶದ ಕಾಲದ ಔತಣದಲ್ಲಿ ಚೀನಾದ ಮೂನ್‌ಕೇಕ್ ಬಡಿಸಿದ್ದರು. ಜಾಹೀರಾತುದಾರರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಎರಡೇ ಸಂಚಿಕೆಗೆ ಧಾರಾವಾಹಿ ನಿಂತಿತು.

ಪ್ರಶ್ನೆ: ಟಿಆರ್‌ಪಿ ಕಡಿಮೆ ಇದ್ದದ್ದನ್ನು ನೋಡುವುದು ದಂಡವೇ?
– ಓದುಗರೊಬ್ಬರು, ಬೆಂಗಳೂರು

ಮೊದಲ ಸಂಚಿಕೆಯ ಅಂಕಿ ನೋಡಿ ತೀರ್ಮಾನಿಸಬೇಡಿ. ಚಾನೆಲ್ ಎಷ್ಟು ಪರಿಚಿತ ಎಂಬುದನ್ನು ಅದು ಹೇಳುತ್ತದೆ, ಕಥೆಯನ್ನಲ್ಲ. ಮೇಲೆ ಹೇಳಿದ ‘ಅಟಾರ್ನಿ ವೂ’ ಹೆಚ್ಚು ಜನಕ್ಕೆ ಗೊತ್ತಿಲ್ಲದ ಇಎನ್‌ಎ ಚಾನೆಲ್ಲಿನಲ್ಲಿ ಶೇ 0.9ರಿಂದ ಶುರುವಾಗಿ ಶೇ 17.5ಕ್ಕೆ ಮುಗಿಯಿತು. ಜೆಟಿಬಿಸಿಯ ‘ಸ್ಕೈ ಕ್ಯಾಸಲ್’ ಶೇ 1.7ರಿಂದ ಶೇ 23.8ಕ್ಕೆ ಏರಿತು. ಸಂಚಿಕೆಯಿಂದ ಸಂಚಿಕೆಗೆ ಏರುತ್ತಿದೆಯೇ ಎಂದು ನೋಡಿ: ನೋಡಿದವರು ಇನ್ನೊಬ್ಬರಿಗೆ ಹೇಳಿದ್ದಾರೆ ಎಂದರ್ಥ. ಜೋರಾಗಿ ಶುರುವಾಗಿ ನಾಲ್ಕನೇ ವಾರದಿಂದ ಇಳಿಯುತ್ತಾ ಹೋದದ್ದಾದರೆ, ಶಿವಮೊಗ್ಗದ ಓದುಗರು ಹೇಳಿದ ಸುಸ್ತು ಅದರಲ್ಲಿ ಬೇಗನೇ ಶುರುವಾಗಿರುವ ಸಾಧ್ಯತೆ ಹೆಚ್ಚು.