ಒಂಟಿ ಯಾನಗಳ ಲೇಖನ ಕಳಿಸಿದವರಿಗೆ

ಆತ್ಮೀಯರೇ,

ನೆಲ, ಜಲ, ಆಕಾಶಗಳಲ್ಲಿ ಒಂಟಿಯಾಗಿ ದೂರ ಸಾಗಿ ದಾಖಲೆ ಬರೆದವರ ಕುರಿತು ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಮಲ್ಪೆಯಂಥ ಊರಿನಿಂದ ಸಮುದ್ರದ ಬಗ್ಗೆ ಬರೆಯುವವರು ಬರಲಿ ಎಂಬ ಆಸೆ ನನಗಿದೆ. ಅದಕ್ಕಾಗಿಯೇ ಕಾರಣಗಳನ್ನು ಬಿಡಿಸಿ ಹೇಳುತ್ತಿದ್ದೇನೆ.

ಮೊದಲು ತಪ್ಪುಗಳು. ಜೋಶುವಾ ಸ್ಲೋಕಮ್ ಹಾಯಿದೋಣಿಯಲ್ಲಿ ಒಬ್ಬರೇ 'ಎಲ್ಲೂ ನಿಲ್ಲದೆ' ಭೂಮಿ ಸುತ್ತಿದರು ಎಂದಿದ್ದೀರಿ. 1895ರಲ್ಲಿ ಬಾಸ್ಟನ್ನಿನಿಂದ ಹೊರಟು 1898ರಲ್ಲಿ ಅಮೆರಿಕಕ್ಕೆ ಮರಳಿದ ಅವರು ದಾರಿಯಲ್ಲಿ ಹಲವು ಬಂದರುಗಳಲ್ಲಿ ತಂಗಿದ್ದರು. ನಿಲ್ಲದೆ ಸುತ್ತಿದ ಮೊದಲಿಗರು ರಾಬಿನ್ ನಾಕ್ಸ್-ಜಾನ್‌ಸ್ಟನ್, 1969ರಲ್ಲಿ. ದಿಲೀಪ್ ದೊಂಡೆ, ಅಭಿಲಾಷ್ ಟೋಮಿ ಇಬ್ಬರಿಗೂ ನೀವು 'ಮೊದಲ ಭಾರತೀಯ' ಪಟ್ಟ ಕಟ್ಟಿದ್ದೀರಿ, ಆದರೆ ಯಾವುದರಲ್ಲಿ ಮೊದಲು ಎಂದು ಹೇಳಿಲ್ಲ. ದೊಂಡೆ 2009-10ರಲ್ಲಿ ನಾಲ್ಕು ಕಡೆ ನಿಂತು ಭೂಮಿ ಸುತ್ತಿದರು. ಅದೇ 'ಮ್ಹಾದೇಯಿ' ಹಾಯಿದೋಣಿಯಲ್ಲಿ ಟೋಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು. ಷರತ್ತನ್ನು ಹೇಳದೆ ದಾಖಲೆಯನ್ನು ಹೇಳಿದರೆ ಓದುಗರಿಗೆ ಏನೂ ಸಿಗುವುದಿಲ್ಲ.

ನಿಮ್ಮ ಲೇಖನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 'ಯಾರ ನೆರವೂ ಇಲ್ಲದೆ' ಎಂಬ ಮಾತು. ಪ್ರತಿಯೊಬ್ಬರಿಗೂ ಅದನ್ನು ಅಂಟಿಸಿದ್ದೀರಿ. 2017ರಲ್ಲಿ ಮಾರ್ಕ್ ಬೋಮಾಂಟ್ ಸೈಕಲ್ಲಿನಲ್ಲಿ 79 ದಿನಗಳೊಳಗೆ ಭೂಮಿ ಸುತ್ತಿದಾಗ ಅವರ ಊಟ, ನಿದ್ದೆ, ರಿಪೇರಿ ನೋಡಿಕೊಳ್ಳಲು ಒಂದು ತಂಡ ವಾಹನದಲ್ಲಿ ಜೊತೆಗಿತ್ತು. ಅದೇ ವ್ಯಕ್ತಿ 2008ರಲ್ಲಿ ತನ್ನ ಸಾಮಾನನ್ನು ತಾನೇ ಹೊತ್ತು ಸುತ್ತಿದಾಗ ಹಿಡಿದದ್ದು 194 ದಿನ. ವೈಲಿ ಪೋಸ್ಟ್ 1931ರಲ್ಲಿ ದಾರಿ ಲೆಕ್ಕ ಹಾಕುವ ಸಂಗಾತಿಯೊಬ್ಬರನ್ನು ಕೂರಿಸಿಕೊಂಡು ವಿಮಾನದಲ್ಲಿ ಭೂಮಿ ಸುತ್ತಿದ್ದರು. 1933ರಲ್ಲಿ ಒಬ್ಬರೇ ಹೋದಾಗ ವಿಮಾನವನ್ನು ತಾನಾಗಿ ನೇರ ಹಿಡಿಯುವ ಯಂತ್ರ ಜೊತೆಗಿತ್ತು. ಎಂಟು ದಿನ ತುಂಬುವ ಮೊದಲೇ ಮರಳಿದರು. ಇವರ ಸಾಧನೆ ಇದರಿಂದ ಕಿರಿದಾಗುವುದಿಲ್ಲ. ಒಂಟಿತನದಲ್ಲಿ ಎಷ್ಟು ಬಗೆಗಳಿವೆ ಎಂಬುದನ್ನು ನೀವು ನೋಡಬೇಕಿತ್ತು.

'ಮೈನವಿರೇಳಿಸುವ', 'ಎದೆ ಝಲ್ಲೆನಿಸುವ' ಮುಂತಾದ ವಿಶೇಷಣಗಳನ್ನೆಲ್ಲ ತೆಗೆಯಿರಿ. 1927ರಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಮೂವತ್ಮೂರೂವರೆ ತಾಸು ಹಾರಿದರು. ಇಂಧನದ ದೊಡ್ಡ ಟ್ಯಾಂಕ್ ಅವರ ಮುಂದೆಯೇ ಇದ್ದುದರಿಂದ ನೇರ ಎದುರಿನದು ಕಾಣುತ್ತಿರಲಿಲ್ಲ. ರೇಡಿಯೋ ಇರಲಿಲ್ಲ. ಹೊರಡುವ ಹಿಂದಿನ ರಾತ್ರಿ ಸರಿಯಾಗಿ ಮಲಗಿಯೂ ಇರಲಿಲ್ಲ. ಇಷ್ಟನ್ನು ಬರೆದರೆ ಸಾಕು.

ಇಡೀ ಲೇಖನದಲ್ಲಿ ನಿಜವಾದ ಸಂಪತ್ತು ಇರುವುದು ನೀವು ಆರು ಸಾಲಿನಲ್ಲಿ ಮುಗಿಸಿದ 1968ರ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ, ಅಂದರೆ ಹಾಯಿದೋಣಿಯಲ್ಲಿ ಒಬ್ಬರೇ ಎಲ್ಲೂ ನಿಲ್ಲದೆ ಭೂಮಿ ಸುತ್ತುವ ಪಂದ್ಯದಲ್ಲಿ. ಒಂಬತ್ತು ಮಂದಿ ಹೊರಟರು, ಗುರಿ ಮುಟ್ಟಿದ್ದು ನಾಕ್ಸ್-ಜಾನ್‌ಸ್ಟನ್ ಒಬ್ಬರೇ. ಅವರ 'ಸುಹೈಲಿ' ದೋಣಿಯನ್ನು ಸಾಗುವಾನಿ ಮರದಲ್ಲಿ ಕಟ್ಟಿದ್ದು ಮುಂಬಯಿಯಲ್ಲಿ, ನಮ್ಮದೇ ಅರಬ್ಬೀ ಸಮುದ್ರದ ದಡದಲ್ಲಿ. ಬರ್ನಾರ್ಡ್ ಮೊಯ್ತೆಸ್ಸಿಯೇ ಗೆಲ್ಲುವ ಅವಕಾಶವಿದ್ದರೂ ಸ್ಪರ್ಧೆಯನ್ನೇ ಬಿಟ್ಟು ತಹೀತಿಯತ್ತ ಹೋದರು. ಡೊನಾಲ್ಡ್ ಕ್ರೌಹರ್ಸ್ಟ್ ಅಟ್ಲಾಂಟಿಕ್ ಸಾಗರದಲ್ಲೇ ಉಳಿದು, ಭೂಮಿ ಸುತ್ತುತ್ತಿರುವಂತೆ ರೇಡಿಯೋದಲ್ಲಿ ಸುಳ್ಳು ಸುದ್ದಿ ಕಳಿಸಿದರು. 1969ರ ಜುಲೈಯಲ್ಲಿ ಅವರ ದೋಣಿ ಸಿಕ್ಕಾಗ ಒಳಗೆ ಯಾರೂ ಇರಲಿಲ್ಲ. ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ 5,000 ಪೌಂಡ್ ಬಹುಮಾನವನ್ನು ಕ್ರೌಹರ್ಸ್ಟ್ ಅವರ ಕುಟುಂಬಕ್ಕೆ ಕೊಟ್ಟರು. ನೀವಾದರೋ ಕ್ರೌಹರ್ಸ್ಟ್‌ರನ್ನು 'ವಂಚಕ' ಎಂಬ ಒಂದೇ ಪದದಲ್ಲಿ ಮುಗಿಸಿದ್ದೀರಿ. ಅವರ ಜೊತೆ ಸ್ಪರ್ಧಿಸಿದವರೇ ಹಾಗೆ ಮಾಡಲಿಲ್ಲ.

ಉಳಿದವರನ್ನೆಲ್ಲ ಬಿಟ್ಟು ಈ ಮೂವರನ್ನು ಮಾತ್ರ ಬರೆಯಿರಿ. ಬರೆಯುವ ಮೊದಲು ನಿಮ್ಮ ಬಂದರಿಗೆ ಹೋಗಿ. ಆಳಸಮುದ್ರಕ್ಕೆ ಹೋಗುವ ಬೋಟಿನಲ್ಲಿ ದುಡಿಯುವ ಕಲಾಸಿಗಳು ಮಲಗಿರುವಾಗ ರಾತ್ರಿ ಎಚ್ಚರವಿದ್ದು ಬೋಟು ನಡೆಸುವ ತಾಂಡೇಲರನ್ನು ಮಾತಾಡಿಸಿ: ನಿದ್ದೆ ಒತ್ತರಿಸಿ ಬಂದರೆ ಏನು ಮಾಡುತ್ತೀರಿ, ದೂರದ ಹಡಗಿನ ದೀಪ ಹತ್ತಿರವಾಗುತ್ತಿದೆ ಎಂದು ಹೇಗೆ ತಿಳಿಯುತ್ತದೆ, ಯಾರನ್ನಾದರೂ ಎಬ್ಬಿಸಬೇಕೆಂದು ಯಾವಾಗ ಅನ್ನಿಸುತ್ತದೆ? ನಾಕ್ಸ್-ಜಾನ್‌ಸ್ಟನ್‌ರಿಗೆ ಹತ್ತು ತಿಂಗಳು ಎಬ್ಬಿಸಲು ಯಾರೂ ಇರಲಿಲ್ಲ. ಆ ಹತ್ತು ತಿಂಗಳು ಏನೆಂದು ನನಗಿಂತ ಚೆನ್ನಾಗಿ ಬರೆಯಬಲ್ಲವರು ನೀವು.

ಸಾವಿರದ ಇನ್ನೂರು ಪದಗಳ ಒಳಗಿರಲಿ. ಅಂತರ್ಜಾಲದಿಂದ ತೆಗೆದ ಚಿತ್ರಗಳು ಬೇಡ. ದೀಪಾವಳಿಯೊಳಗೆ ಕಳಿಸಿದರೆ ನಾನೇ ಓದುತ್ತೇನೆ.

ಸಂಪಾದಕ
ಮಂಗಳೂರು