ಪ್ರತಿಕ್ರಿಯೆ: ತಿದ್ದುವುದೂ ತೀರ್ಪು ಮಾಡುವುದೂ ಒಂದೆಯೇ?

ಕುಡಿತಕ್ಕೆ ಬಿದ್ದಿರುವ ಸಹವಿಶ್ವಾಸಿಗೆ ಬುದ್ಧಿ ಹೇಳಿದರೆ, ‘ತೀರ್ಪು ಮಾಡಬೇಡಿರಿ’ ಎಂಬ ಯೇಸುವಿನ ಮಾತನ್ನು ಮೀರಿದಂತಾಗುತ್ತದೆಯೇ ಎಂದು ಕೇಳಿದ್ದೀರಿ. ಹಾಗಾಗುವುದಿಲ್ಲ ಎಂದೇ ನನ್ನ ದೃಢ ಅಭಿಪ್ರಾಯ. ಬೈಬಲಿನ ಮತ್ತಾಯ ಸುವಾರ್ತೆಯ 7ನೆಯ ಅಧ್ಯಾಯದ ಮೊದಲ ವಚನದಲ್ಲೇ ನಿಂತುಬಿಡದೆ 5ನೆಯ ವಚನದವರೆಗೂ ಓದಿದರೆ, ನಿನ್ನ ಕಣ್ಣಿನ ತೊಲೆಯನ್ನು ಮೊದಲು ತೆಗೆದುಹಾಕು, ಆಗ ಸಹೋದರನ ಕಣ್ಣಿನ ರವೆಯನ್ನು (ಸಣ್ಣ ಕಸವನ್ನು) ತೆಗೆಯಲು ನಿನಗೆ ಚೆನ್ನಾಗಿ ಕಾಣಿಸುವುದು ಎಂದು ಯೇಸು ಹೇಳುವುದು ಕಾಣುತ್ತದೆ; ಅಂದರೆ ರವೆಯನ್ನು ಅಲ್ಲಿಯೇ ಬಿಟ್ಟುಬಿಡು ಎಂದು ಆತನು ಹೇಳಲಿಲ್ಲ.

ಆತನು ಖಂಡಿಸಿದ ಮನೋಭಾವ ಯಾವುದೆಂಬುದು ಲೂಕ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ದೇವಾಲಯದಲ್ಲಿ ನಿಂತ ಫರಿಸಾಯನು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಥದವನು, ವಾರಕ್ಕೆರಡಾವರ್ತಿ ಉಪವಾಸ ಮಾಡುತ್ತಿದ್ದನು, ಆದಾಯದ ಹತ್ತನೆಯ ಒಂದು ಪಾಲಾದ ದಶಮಾಂಶವನ್ನೂ ಕೊಡುತ್ತಿದ್ದನು. ಇವು ಸುಳ್ಳೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಆದರೆ ಅಲ್ಲಿಯೇ ಇದ್ದ, ಜನರು ಪಾಪಿಯೆಂದು ಎಣಿಸುತ್ತಿದ್ದ ಸುಂಕದವನಂತೆ (ತೆರಿಗೆ ವಸೂಲಿಗಾರನಂತೆ) ತಾನಿಲ್ಲವೆಂಬುದನ್ನೇ ಅವನು ಪ್ರಾರ್ಥನೆಯನ್ನಾಗಿಸಿಕೊಂಡನು. ದೂರದಲ್ಲಿ ನಿಂತು, ಕಣ್ಣೆತ್ತಲೂ ಅಂಜಿ, ಎದೆ ಬಡಿದುಕೊಂಡು ಕರುಣೆ ಬೇಡಿದ ಆ ಸುಂಕದವನೇ ನೀತಿವಂತನೆನಿಸಿಕೊಂಡು ಮನೆಗೆ ಹೋದನು. ಒಳ್ಳೆಯ ನಡತೆಯೇ ಇನ್ನೊಬ್ಬರನ್ನು ತುಚ್ಛೀಕರಿಸುವ ಸಾಧನವಾಗಬಲ್ಲದೆಂಬುದು ನನ್ನನ್ನು ಬಹಳವಾಗಿ ಕಾಡುವ ವಿಷಯ, ಏಕೆಂದರೆ ಭಕ್ತಿಯುಳ್ಳವರಿಗೇ ಈ ಅಪಾಯ ಹೆಚ್ಚು.

ನಿಮ್ಮ ಸಂದರ್ಭಕ್ಕೆ ಗಲಾತ್ಯದವರಿಗೆ ಬರೆದ ಪತ್ರಿಕೆಯ 6:1 ನೇರವಾಗಿ ಅನ್ವಯಿಸುತ್ತದೆ: ತಪ್ಪಿದವನನ್ನು ಶಾಂತಭಾವದಿಂದ ತಿದ್ದಬೇಕು, ನೀನೂ ಶೋಧನೆಗೆ (ಪಾಪದ ಸೆಳೆತಕ್ಕೆ) ಒಳಗಾಗದಂತೆ ನೋಡಿಕೊಳ್ಳಬೇಕು ಎಂದು ಅಪೊಸ್ತಲನಾದ ಪೌಲನು ಬರೆಯುತ್ತಾನೆ. ಆದ್ದರಿಂದ ಸಭೆಯ ಇತರರೊಡನೆ ಈ ವಿಷಯವನ್ನು ಚರ್ಚಿಸುವ ಮೊದಲು, ಮತ್ತಾಯ 18:15ರಲ್ಲಿ ಹೇಳಿರುವಂತೆ ನೀವೊಬ್ಬರೇ ಹೋಗಿ ಅವರನ್ನು ಕಾಣಿರಿ, ಮತ್ತು ಮಾತನಾಡುವುದಕ್ಕಿಂತ ಹೆಚ್ಚು ಹೊತ್ತು ಅವರ ಮಾತನ್ನು ಕೇಳಿರಿ.